ಅಧಿಕಾರಿಯ ಆದೇಶಕ್ಕೆ ಬಲ ಎಲ್ಲಿಂದ ಬರುತ್ತದೆ?

ಸಂವಿಧಾನದ 21, 265 ಮತ್ತು 300ಎ ವಿಧಿಗಳನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆ ಪಾಠಗಳಲ್ಲಿ ಓದುತ್ತೇವೆ. ಒಮ್ಮೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾನೂನು ಗೊತ್ತುಮಾಡಿದ ರೀತಿಯಲ್ಲಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕುವಂತಿಲ್ಲ, ಆಸ್ತಿ ತೆಗೆದುಕೊಳ್ಳುವಂತಿಲ್ಲ. ಅಂದರೆ ನಮ್ಮ ಹಕ್ಕನ್ನು ಮುಟ್ಟುವ ಅಧಿಕಾರಿ ಮೊದಲು ಕಾನೂನು ತೋರಿಸಬೇಕು. ಮೇಲಿನವರು ಹೇಳಿದ್ದಾರೆ, ಸುತ್ತೋಲೆ ಬಂದಿದೆ ಅಂದರೆ ಸಾಲದು.

ಹಾಗಂತ ಸರ್ಕಾರ ಪ್ರತಿ ಕೆಲಸಕ್ಕೂ ಒಂದು ಕಾಯ್ದೆ ಮಾಡಬೇಕಿಲ್ಲ. ಇಲ್ಲಿ ಗೊಂದಲ ಜಾಸ್ತಿ. ಪಂಜಾಬ್ ಸರ್ಕಾರ ಶಾಲಾ ಪಠ್ಯಪುಸ್ತಕಗಳ ಪ್ರಕಟಣೆಯನ್ನು ತಾನೇ ಕೈಗೆತ್ತಿಕೊಂಡಾಗ ಖಾಸಗಿ ಪ್ರಕಾಶಕರು ಕೋರ್ಟಿಗೆ ಹೋದರು. ಅವರ ಯಾವ ಕಾನೂನುಬದ್ಧ ಹಕ್ಕಿಗೂ ಧಕ್ಕೆಯಾಗಿಲ್ಲ, ಆದ್ದರಿಂದ ಪ್ರತ್ಯೇಕ ಕಾಯ್ದೆ ಬೇಕಿಲ್ಲ ಎಂದು 1955ರ ರಾಮ್ ಜವಾಯ ಕಪೂರ್ ತೀರ್ಪು ಹೇಳಿತು. ಗೆರೆ ಇರುವುದು ಇಲ್ಲೇ: ಯಾರದಾದರೂ ಹಕ್ಕು ಮೊಟಕಾಗುತ್ತಿದೆಯೇ?

ಮೊಟಕಾದರೆ ಏನಾಗುತ್ತದೆ ಅನ್ನುವುದಕ್ಕೆ 1962ರ ಖರಕ್ ಸಿಂಗ್ ಪ್ರಕರಣ ನೋಡಿ. ದರೋಡೆ ಕೇಸಿನಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದವನ ಮನೆಗೆ ಉತ್ತರಪ್ರದೇಶದ ಪೊಲೀಸರು ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುತ್ತಿದ್ದರು. ಅವರ ಕೈಯಲ್ಲಿ ಪೊಲೀಸ್ ನಿಯಮಾವಳಿ ಇತ್ತು. ಆದರೆ ಅದು ಇಲಾಖೆಯ ಒಳಗಿನ ಸೂಚನೆ, ಅದರ ಹಿಂದೆ ಯಾವ ಕಾಯ್ದೆಯೂ ಇರಲಿಲ್ಲ. ರಾತ್ರಿ ಭೇಟಿಯ ನಿಯಮ ಬಿದ್ದುಹೋಯಿತು.

1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲೂ ಇದೇ ಮಾತು. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಲಾಯಿತು. ಆಧಾರವಾಗಿದ್ದದ್ದು ಶಿಕ್ಷಣ ಇಲಾಖೆಯ ಸುತ್ತೋಲೆಗಳು. ಅಂಥ ಸುತ್ತೋಲೆಯಿಂದ ಮೂಲಭೂತ ಹಕ್ಕನ್ನು ಕಡಿತ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಈ ತೀರ್ಪನ್ನು ಧರ್ಮದ ಹಕ್ಕಿನ ಪಾಠಕ್ಕಷ್ಟೇ ಸೀಮಿತ ಮಾಡಬೇಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 1967ರ ಠಾಕೂರ್ ಭರತ್ ಸಿಂಗ್ ತೀರ್ಪು. ಮಧ್ಯಪ್ರದೇಶ ಸರ್ಕಾರ 1963ರಲ್ಲಿ ಅವರಿಗೆ ರಾಯಪುರ ಜಿಲ್ಲೆ ಬಿಟ್ಟು ಝಾಬುವಾದಲ್ಲೇ ಇರಬೇಕೆಂದು ಆದೇಶಿಸಿತು. ಆದೇಶಕ್ಕೆ ಆಧಾರವಾಗಿದ್ದ ಸೆಕ್ಷನ್ ಅಸಿಂಧು ಎಂದಾಯಿತು. ಆಗ ಸರ್ಕಾರ ಹೊಸ ವಾದ ಹೂಡಿತು: ತುರ್ತುಪರಿಸ್ಥಿತಿ ಜಾರಿಯಲ್ಲಿದೆ, ಅಂಥ ಹೊತ್ತಿನಲ್ಲಿ ಓಡಾಟದಂಥ 19ನೇ ವಿಧಿಯ ಸ್ವಾತಂತ್ರ್ಯಗಳ ಕಟ್ಟುಪಾಡು ಸರ್ಕಾರದ ಮೇಲಿಂದ ಸಡಿಲಿಸುವ 358ನೇ ವಿಧಿ ನಮಗೆ ರಕ್ಷಣೆ ಕೊಡುತ್ತದೆ. ಕೋರ್ಟ್ ಒಪ್ಪಲಿಲ್ಲ. ತುರ್ತುಪರಿಸ್ಥಿತಿ ಇದ್ದ ಮಾತ್ರಕ್ಕೆ ಕಾನೂನಿಲ್ಲದೆ ಜನರಿಗೆ ತೊಂದರೆ ಕೊಡುವ ಅಧಿಕಾರ ಸರ್ಕಾರಕ್ಕೆ ಹುಟ್ಟುವುದಿಲ್ಲ ಎಂದಿತು. ಯುದ್ಧದ ಭಯ ಇನ್ನೂ ಆರದ ಕಾಲದಲ್ಲಿ ಬಂದ ಮಾತಿದು, ಅದಕ್ಕೇ ಇದರ ತೂಕ ಜಾಸ್ತಿ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಸದಾಶಿವನಗರ ಭಾಗದಲ್ಲಿ ಪಾರ್ಕ್‌ಗೆಂದು ಮೀಸಲಿಟ್ಟ ಜಾಗವನ್ನು ಮುಖ್ಯಮಂತ್ರಿಯ ಸೂಚನೆಯಂತೆ ಖಾಸಗಿ ಆಸ್ಪತ್ರೆಗೆ ಕೊಡಲಾಯಿತು. ಅಲ್ಲಿನ ನಿವಾಸಿಗಳು ಬಿಡಲಿಲ್ಲ. ಹೈಕೋರ್ಟಿನ ವಿಭಾಗೀಯ ಪೀಠ ಹಂಚಿಕೆ ರದ್ದು ಮಾಡಿತು, 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇದೇ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣ. ಇಲ್ಲಿ ಒಂದು ಸೂಕ್ಷ್ಮ ಇದೆ. ಕಾಯ್ದೆ ಇತ್ತು, 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಾಯ್ದೆ. ಸರ್ಕಾರ ಬಿಡಿಎಗೆ ನಿರ್ದೇಶನ ಕೊಡಬಹುದು ಎಂದೂ ಅದರಲ್ಲಿತ್ತು. ಆದರೆ ಆ ನಿರ್ದೇಶನ ಕಾಯ್ದೆಯ ಉದ್ದೇಶವನ್ನು ನೆರವೇರಿಸಲು ಇರಬೇಕು, ಅದನ್ನು ಮುರಿಯಲು ಅಲ್ಲ ಅಲ್ವಾ? ಹಾಗಾಗಿ ಕಾನೂನೇ ಇಲ್ಲದಿರುವುದು ಒಂದು ತಪ್ಪು, ಇರುವ ಕಾನೂನಿನ ಮಿತಿ ದಾಟುವುದು ಇನ್ನೊಂದು.

ಪರಿಹಾರದ ಬಗ್ಗೆ ಎರಡು ಮಾತು. ಮೂಲಭೂತ ಹಕ್ಕಾದರೆ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು. ಆಸ್ತಿ ಹಕ್ಕು 1978ರ 44ನೇ ತಿದ್ದುಪಡಿಯಿಂದ ಆ ಪಟ್ಟಿಯಿಂದ ಹೊರಬಂದು 300ಎ ಆಯಿತು, ಅದಕ್ಕೆ 226ನೇ ವಿಧಿಯಡಿ ಹೈಕೋರ್ಟೇ ದಾರಿ. ಪರೀಕ್ಷೆಯಲ್ಲಿ ಸಮಸ್ಯೆ ರೂಪದ ಪ್ರಶ್ನೆ ಬಂದಾಗ ಸುಮ್ನೆ ತೀರ್ಪುಗಳ ಹೆಸರು ಸುರಿಯಬೇಡಿ. ಯಾವ ಹಕ್ಕು, ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಮೊದಲು ಬರೆದುಕೊಳ್ಳಿ, ಆಮೇಲೆ ಆ ಸೆಕ್ಷನ್ ಇಷ್ಟಕ್ಕೆ ಅವಕಾಶ ಕೊಡುತ್ತದೆಯೇ ಎಂದು ನೋಡಿ.