ವಾಲ್ರಸ್ ನಾಲಿಗೆ, ಚೀಟಿ ಕಟ್ಟಿದ ಮೂಟೆ: ನುನಾವಿಕ್‌ನ ಟ್ರಿಕಿನೆಲ್ಲಾ ತಡೆ ಕಾರ್ಯಕ್ರಮದ ಬಗ್ಗೆ ಅಧ್ಯಯನ ಟಿಪ್ಪಣಿ

ಸಮುದಾಯ ಆರೋಗ್ಯ ಓದುವವರಿಗೆ ‘ಜನರ ಸಹಭಾಗಿತ್ವ’ ಎಂಬ ಮಾತು ಪ್ರತಿ ಅಧ್ಯಾಯದ ಕೊನೆಯಲ್ಲೂ ಎದುರಾಗುತ್ತದೆ. ಅದು ನಡೆಯುವಾಗ ಯಾರು ಏನು ಮಾಡುತ್ತಾರೆ ಎಂಬುದು ಮಾತ್ರ ಅಪರೂಪಕ್ಕೆ ಸಿಗುತ್ತದೆ. ಕೆನಡಾದ ಕ್ಯೂಬೆಕ್ ಪ್ರಾಂತ್ಯದ ಉತ್ತರ ತುದಿಯಲ್ಲಿರುವ ನುನಾವಿಕ್‌ನಲ್ಲಿ, ವಾಲ್ರಸ್ ಮಾಂಸದಿಂದ ಟ್ರಿಕಿನೆಲ್ಲಾ ಎಂಬ ಹುಳು ಜನರಿಗೆ ಹರಡದಂತೆ ತಡೆಯುವ ಕಾರ್ಯಕ್ರಮದಲ್ಲಿ ಅದು ಹಂತ ಹಂತವಾಗಿ ಕಾಣುತ್ತದೆ. ಆದ್ದರಿಂದ ಓದಿದ್ದು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ನುನಾವಿಕ್‌ನಲ್ಲಿ 14 ಊರುಗಳಿವೆ, ಬಹುತೇಕ ಎಲ್ಲವೂ ಕಡಲ ಅಂಚಿನಲ್ಲಿವೆ. ಊರಿಂದ ಊರಿಗೆ ರಸ್ತೆ ಇಲ್ಲ. ವಿಮಾನ, ದೋಣಿ, ಹಿಮವಾಹನಗಳೇ ಗತಿ. ಅಂಗಡಿಯ ಆಹಾರ ದುಬಾರಿ. ಸೀಲ್, ಬೆಲುಗಾ ತಿಮಿಂಗಿಲ, ಕ್ಯಾರಿಬೂ ಜಿಂಕೆ, ಉದ್ದ ದಂತಗಳ ಕಡಲ ಪ್ರಾಣಿ ವಾಲ್ರಸ್ ಇವುಗಳ ಬೇಟೆಯ ಮಾಂಸವನ್ನು ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನ ಮನೆಮನೆಗೆ ಹಂಚಿಕೊಂಡು ತಿನ್ನುತ್ತಾರೆ. ಎಷ್ಟೋ ಸಲ ಹಸಿಯಾಗಿಯೇ ತಿನ್ನುತ್ತಾರೆ. ಈ ಹಂಚಿಕೊಳ್ಳುವ ಪದ್ಧತಿಯನ್ನು ನೆನಪಿನಲ್ಲಿಡಿ, ಮುಂದೆ ಎಲ್ಲವೂ ಅದರ ಮೇಲೆಯೇ ನಿಂತಿದೆ.

ಕಾಯಿಲೆ, ಚುಟುಕಾಗಿ

ಟ್ರಿಕಿನೆಲ್ಲಾ ಒಂದು ದುಂಡುಹುಳು. ಅದರ ಲಾರ್ವಾಗಳು ಪ್ರಾಣಿಯ ಸ್ನಾಯುವಿನೊಳಗೆ ಸುರುಳಿ ಸುತ್ತಿಕೊಂಡು ಕುಳಿತಿರುತ್ತವೆ. ಆ ಮಾಂಸವನ್ನು ಹಸಿಯಾಗಿ ತಿಂದರೆ ನಮ್ಮ ಜಠರದ ಆಮ್ಲ ಅವುಗಳನ್ನು ಸ್ನಾಯುವಿನಿಂದ ಬಿಡಿಸುತ್ತದೆ. ಅವು ಕರುಳಿನಲ್ಲಿ ಬೆಳೆದು ಮರಿ ಹಾಕುತ್ತವೆ, ಆ ಮರಿಗಳು ರಕ್ತದ ಮೂಲಕ ನಮ್ಮ ಸ್ನಾಯುಗಳನ್ನು ಸೇರುತ್ತವೆ. ಮೊದಲು ಹೊಟ್ಟೆನೋವು, ಭೇದಿ. ಕೆಲವು ವಾರಗಳಾದ ಮೇಲೆ ಜ್ವರ, ಮೈಕೈ ನೋವು, ಕಣ್ಣಿನ ಸುತ್ತ ಊತ, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಏರಿಕೆ. ಚಿಕಿತ್ಸೆಗೆ ಆಲ್ಬೆಂಡಜೋಲ್ ಅಥವಾ ಮೆಬೆಂಡಜೋಲ್ ಎಂಬ ಹುಳುನಾಶಕ ಔಷಧ, ಬೇಗ ಕೊಟ್ಟಷ್ಟೂ ಒಳ್ಳೆಯದು. ಇಷ್ಟು ಎಲ್ಲ ಪಠ್ಯಗಳಲ್ಲೂ ಇದೆ.

ಶೀತಲೀಕರಣದ ಸೂತ್ರ ಇಲ್ಲಿ ಸಲ್ಲುವುದಿಲ್ಲ

ಹಂದಿಮಾಂಸವನ್ನು -15 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ದಿನ ಇಟ್ಟರೆ ಹುಳು ಸಾಯುತ್ತದೆ ಎಂದು ಪಠ್ಯ ಹೇಳುತ್ತದೆ. ಅದು ಟ್ರಿಕಿನೆಲ್ಲಾ ಸ್ಪೈರಾಲಿಸ್ ಎಂಬ ಪ್ರಭೇದದ ಮಾತು. ಆರ್ಕ್ಟಿಕ್‌ನ ಹಿಮಕರಡಿ ಮತ್ತು ವಾಲ್ರಸ್‌ಗಳಲ್ಲಿರುವುದು ಟ್ರಿಕಿನೆಲ್ಲಾ ನೇಟಿವಾ. ಹೆಪ್ಪುಗಟ್ಟಿದ ಮಾಂಸದಲ್ಲಿಯೂ ಅದು ದೀರ್ಘಕಾಲ ಬದುಕುತ್ತದೆ. ಕರಡಿಯ ಮಾಂಸದಲ್ಲಿ ವರ್ಷಗಟ್ಟಲೆ ಬದುಕಬಲ್ಲದು. ಆದ್ದರಿಂದ ‘ಫ್ರೀಜರಿನಲ್ಲಿಟ್ಟು ತಿನ್ನಿ’ ಎಂಬ ಸಲಹೆ ಇಲ್ಲಿ ನಿರುಪಯುಕ್ತ ಮಾತ್ರವಲ್ಲ, ಅಪಾಯಕಾರಿಯೂ ಹೌದು. ಒಣಗಿಸಿದರೆ, ಉಪ್ಪು ಹಾಕಿದರೆ, ಹೊಗೆಯಾಡಿಸಿದರೆ ಸಾಯುತ್ತದೆಂಬ ಭರವಸೆಯೂ ಇಲ್ಲ. ಒಳಗಿನವರೆಗೆ ಚೆನ್ನಾಗಿ ಬೇಯಿಸಿದರೆ ಖಂಡಿತ ಸಾಯುತ್ತದೆ.

ಹಾಗಾದರೆ ಬೇಯಿಸಿ ತಿನ್ನಲು ಹೇಳಿದರೆ ಸಾಲದೇ? ಇಲ್ಲಿಯೇ ವಿಷಯ ಬಿಗಿಯಾಗುವುದು. ವಾಲ್ರಸ್ ಮಾಂಸದ ಬಹು ಮೆಚ್ಚಿನ ರೂಪ ಇಗುನಾಕ್. ಮಾಂಸವನ್ನು ಕೊಬ್ಬು, ಚರ್ಮದ ಸಮೇತ ಸುತ್ತಿ ಹೊಲಿದು, ಕಡಲತೀರದ ಕಲ್ಲುಜಲ್ಲಿಯಲ್ಲಿ ಹೂತು, ತಿಂಗಳುಗಟ್ಟಲೆ ಹುಳಿಯಲು ಬಿಟ್ಟು, ಆಮೇಲೆ ಹಸಿಯಾಗಿ ತಿನ್ನುವುದು. ಬೇಯಿಸಿದರೆ ಅದು ಇಗುನಾಕ್ ಆಗಿ ಉಳಿಯುವುದಿಲ್ಲ. ‘ಬೇಯಿಸಿ’ ಎನ್ನುವುದಕ್ಕೂ ‘ಬಿಟ್ಟುಬಿಡಿ’ ಎನ್ನುವುದಕ್ಕೂ ಆ ಮನೆಗಳಲ್ಲಿ ವ್ಯತ್ಯಾಸವಿಲ್ಲ. ಬಿಟ್ಟುಬಿಡಿ ಎನ್ನುವ ಸಲಹೆ ದೂರದ ಕಚೇರಿಯಲ್ಲಿ ಕುಳಿತವರಿಗೆ ಸುಲಭ. ಅದರಿಂದ ಜನರ ಕಬ್ಬಿಣಾಂಶ, ಪ್ರೋಟೀನು, ಬೇಟೆಯ ವಿದ್ಯೆ, ಹಂಚಿಕೊಂಡು ತಿನ್ನುವ ಬಾಂಧವ್ಯ ಎಲ್ಲವೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ. 1980ರ ದಶಕದಲ್ಲಿ ಸಲ್ಲುಯಿತ್ ಊರಿನಲ್ಲಿ ವಾಲ್ರಸ್ ಮಾಂಸದಿಂದ ಈ ರೋಗ ಹಬ್ಬಿತ್ತು. ಆಮೇಲೆ, 1990ರ ದಶಕದಲ್ಲಿ ರೂಪುಗೊಂಡ ಕಾರ್ಯಕ್ರಮ ಬೇರೆ ದಾರಿ ಹಿಡಿಯಿತು: ತಿನ್ನುವ ರೀತಿ ಬದಲಿಸಬೇಡಿ, ತಿನ್ನುವ ಮೊದಲು ಪ್ರತಿ ಪ್ರಾಣಿಯನ್ನೂ ಪರೀಕ್ಷಿಸೋಣ.

ಪರೀಕ್ಷೆ

ಬೇಟೆಗಾರರು ಪ್ರತಿ ವಾಲ್ರಸ್‌ನ ನಾಲಿಗೆಯನ್ನು ತೆಗೆದಿಡುತ್ತಾರೆ. ನಾಲಿಗೆಯೇ ಏಕೆಂದರೆ ಲಾರ್ವಾಗಳು ಹೆಚ್ಚಾಗಿ ನೆಲೆಸುವ ಸ್ನಾಯುಗಳಲ್ಲಿ ಅದೂ ಒಂದು. ಅದನ್ನು ನುನಾವಿಕ್‌ನದೇ ಊರಾದ ಕೂಜುವಾಕ್‌ನ ನುನಾವಿಕ್ ಸಂಶೋಧನಾ ಕೇಂದ್ರಕ್ಕೆ ಕಳುಹಿಸುತ್ತಾರೆ. ಆ ಕೇಂದ್ರವನ್ನು ನಡೆಸುವುದು ನುನಾವಿಕ್‌ನ ಇನುಯಿಟ್ ಜನರದೇ ಸಂಸ್ಥೆಯಾದ ಮಕಿವಿಕ್. ಮೂಲನಿವಾಸಿಗಳು ಸರ್ಕಾರಗಳೊಂದಿಗೆ ಮಾಡಿಕೊಂಡ 1975ರ ಜೇಮ್ಸ್ ಬೇ ಮತ್ತು ಉತ್ತರ ಕ್ಯೂಬೆಕ್ ಒಪ್ಪಂದದ ಫಲವಾಗಿ ಹುಟ್ಟಿದ ಸಂಸ್ಥೆ ಅದು. ಮಾದರಿ ದಕ್ಷಿಣದ ನಗರಕ್ಕೆ ಹೋಗಿ, ಅಲ್ಲಿಂದ ಫಲಿತಾಂಶ ಬರುವವರೆಗೆ ಕಾಯಬೇಕಿಲ್ಲ.

ಪ್ರಯೋಗಾಲಯದಲ್ಲಿ ನಡೆಯುವುದನ್ನು ಒಮ್ಮೆ ಕಣ್ಣಿಗೆ ಕಟ್ಟಿಕೊಂಡರೆ ಮತ್ತೆ ಬಾಯಿಪಾಠ ಬೇಕಿಲ್ಲ. ನಾಲಿಗೆಯ ಸ್ನಾಯುವನ್ನು ತೂಕ ಮಾಡಿ, ನುಣ್ಣಗೆ ಅರೆದು, ಪೆಪ್ಸಿನ್ (ಜಠರದಲ್ಲಿ ಮಾಂಸ ಕರಗಿಸುವ ಕಿಣ್ವ) ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಬೆಚ್ಚಗಿನ ನೀರಿಗೆ ಹಾಕಿ ಕಲಕುತ್ತಾ ಬಿಡುತ್ತಾರೆ. ಮಾಂಸ ಕರಗುತ್ತದೆ, ಲಾರ್ವಾ ಕರಗುವುದಿಲ್ಲ. ದ್ರವವನ್ನು ಜರಡಿ ಹಿಡಿದು ನಿಲ್ಲಲು ಬಿಟ್ಟರೆ ಲಾರ್ವಾಗಳು ತಳಕ್ಕೆ ಇಳಿಯುತ್ತವೆ. ತಳದ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸುತ್ತಾರೆ. ನಮ್ಮ ಜಠರ ಮಾಡುವ ಕೆಲಸವನ್ನೇ ಬೀಕರಿನಲ್ಲಿ ಮಾಡುವುದು. ಪೆಪ್ಸಿನ್, ಆಮ್ಲ, ಬಿಸಿ ಮೂರೂ ಏಕೆ ಬೇಕು ಎಂಬುದಕ್ಕೆ ಇದೇ ಉತ್ತರ.

ನನ್ನನ್ನು ಬಹಳ ಹೊತ್ತು ನಿಲ್ಲಿಸಿದ ಹಂತ: ಒಂದು ಪ್ರಾಣಿಗೆ ಒಂದೇ ಸಂಖ್ಯೆ

ಪ್ರಯೋಗಾಲಯ ಚೆನ್ನಾಗಿದ್ದರೆ ಕೆಲಸ ಮುಗಿಯಿತಲ್ಲ, ಬೇಟೆಗಾರರ ಪಾತ್ರ ಮಾದರಿ ಕೊಡುವುದಷ್ಟೇ ತಾನೇ? ಈ ಪ್ರಶ್ನೆ ಬಗೆಹರಿಯಲು ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಬೇಕಾಯಿತು.

ಶರತ್ಕಾಲದಲ್ಲಿ ಊರಿನ ದೋಣಿ ಹಡ್ಸನ್ ಜಲಸಂಧಿಯ ನಾಟಿಂಗ್‌ಹ್ಯಾಮ್, ಸಾಲ್ಸ್‌ಬರಿ ದ್ವೀಪಗಳ ಕಡೆ ಹೋಗಿ 10 ವಾಲ್ರಸ್ ತಂದಿತೆಂದು ಇಟ್ಟುಕೊಳ್ಳಿ. ದೊಡ್ಡ ಗಂಡು ವಾಲ್ರಸ್ ಒಂದು ಟನ್ನಿಗೂ ಹೆಚ್ಚು ತೂಗಬಹುದು. ಅಲ್ಲಿಯೇ ಕಡಿದು ಮೂಟೆ ಕಟ್ಟಿದ್ದಾರೆ. 10 ನಾಲಿಗೆಗಳಲ್ಲಿ 7ನೆಯದರಲ್ಲಿ ಲಾರ್ವಾ ಸಿಕ್ಕಿತು.

ಮೂಟೆಗಳಿಗೂ ನಾಲಿಗೆಗಳಿಗೂ ಒಂದೇ ಸಂಖ್ಯೆಯ ಚೀಟಿ ಕಟ್ಟಿದ್ದರೆ, 7ನೆಯ ಪ್ರಾಣಿಯ ಮಾಂಸ ಮಾತ್ರ ನಾಶವಾಗುತ್ತದೆ, ಉಳಿದ 9 ಪ್ರಾಣಿಗಳ ಮಾಂಸ ಊರಿಗೆ ಸಿಗುತ್ತದೆ. ಚೀಟಿ ಇಲ್ಲದಿದ್ದರೆ, ಅಥವಾ ಎರಡು ಪ್ರಾಣಿಗಳ ಮಾಂಸ ಒಂದೇ ಮೂಟೆಯಲ್ಲಿ ಬೆರೆತಿದ್ದರೆ? ಪ್ರಯೋಗಾಲಯದ ಉತ್ತರ ಅಷ್ಟೇ ನಿಖರ, ಆದರೆ ಯಾವ ಮೂಟೆ ಎಂದು ಹೇಳುವವರಿಲ್ಲ. ಅನುಮಾನ 10 ಪ್ರಾಣಿಗಳ ಮೇಲೂ ಹರಡುತ್ತದೆ. ಇಡೀ ಬೇಟೆ ಕೈಬಿಡಬೇಕು, ಇಲ್ಲವೇ ಅಪಾಯ ಹೊತ್ತು ತಿನ್ನಬೇಕು. ದಿನಗಟ್ಟಲೆ ಅಲೆಗಳ ಮೇಲೆ ದುಡಿದು, ಇಂಧನ ಸುಟ್ಟು ತಂದ ಮಾಂಸವೆಲ್ಲ ಹೋಯಿತೆಂದರೆ ಮುಂದಿನ ವರ್ಷ ಯಾರು ನಾಲಿಗೆ ಕೊಡುತ್ತಾರೆ? ಆ ಚೀಟಿಯನ್ನು ಕಟ್ಟುವುದು ದ್ವೀಪದ ಬಂಡೆಯ ಮೇಲೆ, ಚಳಿಯಲ್ಲಿ, ರಕ್ತದ ಕೈಯಲ್ಲಿ. ಅಲ್ಲಿ ಯಾವ ಅಧಿಕಾರಿಯೂ ಇರುವುದಿಲ್ಲ. ಬೇಟೆಗಾರ ಅದನ್ನು ತನ್ನ ಕೆಲಸವೆಂದು ಒಪ್ಪಿಕೊಂಡಿದ್ದರೆ ಮಾತ್ರ ಅದು ಆಗುತ್ತದೆ.

ಚೀಟಿ ಮೊದಲ ಕೊಂಡಿಯಾದರೆ, ಎರಡನೆಯದು ಕಾಯುವುದು. ದೋಣಿ ಬಂದ ದಿನವೇ ಮಾಂಸ ಹಂಚುವುದು ರೂಢಿ. ಹಂಚಿದ ಮೇಲೆ ಫಲಿತಾಂಶ ಬಂದರೆ 7ನೆಯ ಪ್ರಾಣಿ ಎಷ್ಟು ಅಡುಗೆಮನೆಗಳಲ್ಲಿದೆ, ಎಷ್ಟು ನೆಂಟರ ಊರುಗಳಿಗೆ ಹೋಗಿದೆ ಎಂದು ಹುಡುಕಬೇಕು. ಆದ್ದರಿಂದ ಫಲಿತಾಂಶ ತಿಳಿಯುವವರೆಗೆ ಹಂಚುವಂತಿಲ್ಲ. ಹಸಿದು ಕಾಯುತ್ತಿರುವ ಬಂಧುಗಳಿಗೆ ‘ಇನ್ನೂ ಇಲ್ಲ’ ಎನ್ನಬಲ್ಲ ಅಧಿಕಾರ ಊರಿನವರಿಗೆ ಮಾತ್ರ ಇದೆ. ಪ್ರಯೋಗಾಲಯ ಬೇಗ ಉತ್ತರಿಸಬೇಕಾದದ್ದೂ ಇದಕ್ಕಾಗಿಯೇ: ತಡವಾದಷ್ಟೂ ಈ ಸಂಯಮದ ಬೆಲೆ ಏರುತ್ತದೆ.

ಮೂರನೆಯದು ಸುದ್ದಿ. ಅಲ್ಲಿ ಪ್ರತಿ ಊರಿನಲ್ಲೂ ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಯ ಎಫ್‌ಎಂ ರೇಡಿಯೊ ಮನೆಮನೆಯಲ್ಲಿ ಉಲಿಯುತ್ತಿರುತ್ತದೆ. 1997ರ ಸೆಪ್ಟೆಂಬರಿನಲ್ಲಿ ಇನುಕ್ಜುವಾಕ್ ಊರಿನಲ್ಲಿ ವಾಲ್ರಸ್ ಮಾಂಸದಲ್ಲಿ ಸೋಂಕು ಪತ್ತೆಯಾದಾಗ ಎಚ್ಚರಿಕೆ ಬೇಗನೆ ಹರಡಿತು, ಹಾನಿ ಅತ್ಯಲ್ಪಕ್ಕೆ ನಿಂತಿತು. ಪರೀಕ್ಷೆಗೆ ಉತ್ತರ ಬರೆಯುವಾಗ ನಾನು ಈ ಮೂರನ್ನು ‘ಚೀಟಿ, ಕಾಯುವಿಕೆ, ರೇಡಿಯೊ’ ಎಂದು ನೆನಪಿಟ್ಟುಕೊಳ್ಳುತ್ತೇನೆ. ಪ್ರಯೋಗಾಲಯ ತಾನಾಗಿಯೇ ನೆನಪಿಗೆ ಬರುತ್ತದೆ.

ಬೊಟುಲಿಸಂ ಬೇರೆಯೇ ಲೆಕ್ಕ

ನಾಲಿಗೆಯಲ್ಲಿ ಲಾರ್ವಾ ಸಿಗಲಿಲ್ಲ ಎಂದರೆ ಆ ಮಾಂಸದಿಂದ ಮಾಡುವ ಇಗುನಾಕ್ ಎಲ್ಲ ಬಗೆಯಲ್ಲೂ ಸುರಕ್ಷಿತ ಎಂದಲ್ಲ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಬ್ಯಾಕ್ಟೀರಿಯಾದ ಇ ಮಾದರಿ ಆರ್ಕ್ಟಿಕ್ ಕಡಲತೀರದ ಮಣ್ಣಿನಲ್ಲೇ ಇರುತ್ತದೆ. ಗಾಳಿಯಾಡದ ಜಾಗ, ಸ್ವಲ್ಪ ಬೆಚ್ಚಗಿನ ವಾತಾವರಣ ಸಿಕ್ಕರೆ ಹುಳಿಯುವ ಮಾಂಸದಲ್ಲಿ ನರಗಳನ್ನು ಸ್ತಬ್ಧಗೊಳಿಸುವ ವಿಷ ತಯಾರಾಗುತ್ತದೆ, ಅದರಿಂದ ಬರುವ ರೋಗವೇ ಬೊಟುಲಿಸಂ. ಇದು ಪ್ರಾಣಿ ಸತ್ತ ಮೇಲೆ ಹುಟ್ಟುವ ಅಪಾಯವಾದ್ದರಿಂದ ನಾಲಿಗೆಯ ಪರೀಕ್ಷೆ ಇದನ್ನು ಹಿಡಿಯಲಾರದು. ಕುದಿಸಿದರೆ ವಿಷ ನಾಶವಾಗುತ್ತದೆ, ಆದರೆ ಹಸಿಯಾಗಿ ತಿನ್ನುವ ತಿನಿಸಿಗೆ ಆ ದಾರಿ ಇಲ್ಲ. ಉಳಿಯುವುದು ತಯಾರಿಸುವ ಕ್ರಮ ಒಂದೇ: ಯಾವ ತಿಂಗಳು ಹೂಳಬೇಕು, ಎಷ್ಟು ತಂಪಾದ ಜಾಗ, ಗಾಳಿಯಾಡಲು ಜಲ್ಲಿ ಹೇಗಿರಬೇಕು. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬೆಚ್ಚಗಿನ ಮನೆಯೊಳಗೆ ಹುಳಿಸಿದರೆ ಬ್ಯಾಕ್ಟೀರಿಯಾಕ್ಕೆ ಬೇಕಾದ ಎರಡೂ ಒಟ್ಟಿಗೆ ಸಿಗುತ್ತವೆ. ಹೂಳುವ ಕ್ರಮವನ್ನು ಬಲ್ಲವರು ಊರಿನ ಹಿರಿಯರು. ಆದ್ದರಿಂದ ಈ ರೋಗ ತಡೆಯುವ ಯಾವ ಯೋಜನೆಯಲ್ಲೂ ಕಲಿಸುವ ಜಾಗದಲ್ಲಿ ಅವರೇ ಇರಬೇಕು. ದಾದಿಯರು ಜೊತೆಗೆ ಕುಳಿತು, ಕಣ್ಣು ಮಂಜಾಗುವುದು, ನುಂಗಲು ಕಷ್ಟವಾಗುವುದು, ಉಸಿರು ಕುಗ್ಗುವುದು ಕಂಡರೆ ಒಂದು ಗಳಿಗೆಯೂ ಕಾಯದೆ ಆರೋಗ್ಯ ಕೇಂದ್ರಕ್ಕೆ ಬನ್ನಿ ಎಂದು ತಿಳಿಸಿದರೆ ಸಾಕು.