ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆಗಳು

ಅಮ್ಮನ ಬಿಪಿ ಮಾತ್ರೆ ಇರುವುದು ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕ. ದೀಪ ಹಚ್ಚಿ, ಮಾತ್ರೆ ನುಂಗಿ, ಆಮೇಲೆ ಕಾಫಿ. ಈ ಸಲ ಊರಿಗೆ ಹೋದಾಗ ಸ್ಟ್ರಿಪ್ ಎತ್ತಿ ನೋಡಿದೆ. ತಿಂಗಳಿಗೆಂದು ತಂದ 30ರಲ್ಲಿ 11 ಹಾಗೇ ಇದ್ದವು, ತಿಂಗಳು ಮಾತ್ರ ಮುಗಿದಿತ್ತು. "ಬಿಪಿ ನಾರ್ಮಲ್ ಬಂತಲ್ಲ, ಇನ್ಯಾಕೆ ಸುಮ್ನೆ ಅಂತ ಬಿಟ್ಟೆ" ಅಂದಳು.

ನಾರ್ಮಲ್ ಬಂದಿದ್ದೇ ಆ ಮಾತ್ರೆಯಿಂದ! ಆದರೆ ಅಮ್ಮನನ್ನು ಬೈಯಲು ಮನಸ್ಸು ಬರಲಿಲ್ಲ. ಜ್ವರ ಬಿಟ್ಟರೆ ಮಾತ್ರೆ ನಿಲ್ಲಿಸುತ್ತೇವೆ, ಹಲ್ಲುನೋವು ಹೋದರೂ ಅಷ್ಟೇ. ಬಿಪಿಗೆ ನೋವೂ ಇಲ್ಲ, ಸುಡುವುದೂ ಇಲ್ಲ. ಮಾತ್ರೆ ತಗೊಂಡ ದಿನ ಹೇಗೋ ಬಿಟ್ಟ ದಿನವೂ ಹಾಗೇ ಇರುತ್ತದೆ. ಒಳಗೆ ಮಾತ್ರ ರಕ್ತನಾಳ, ಹೃದಯ, ಕಿಡ್ನಿ ಏಟು ತಿನ್ನುತ್ತಿರುತ್ತವೆ.

ಜನ ನಿಜವಾಗಿ ಎಷ್ಟು ಮಾತ್ರೆ ತಗೊಳ್ಳುತ್ತಾರೆ? ಬಾಯಿಮಾತಿನಲ್ಲಿ ಕೇಳಿದರೆ ಎಲ್ಲರೂ "ತಗೋತಿದೀನಿ" ಅನ್ನುತ್ತಾರೆ. ಅದಕ್ಕೇ ಸಂಶೋಧಕರು ಡಬ್ಬಿಯ ಮುಚ್ಚಳದೊಳಗೆ ಚಿಪ್ ಇಟ್ಟರು. ಮುಚ್ಚಳ ತೆಗೆದಾಗಲೆಲ್ಲ ದಿನ, ಗಂಟೆ ದಾಖಲಾಗುತ್ತದೆ. ಹೀಗೆ 4,783 ಬಿಪಿ ರೋಗಿಗಳ ಲೆಕ್ಕ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಒಂದು ವರ್ಷದೊಳಗೆ ಹತ್ತಿರಹತ್ತಿರ ಅರ್ಧ ಜನ ಮಾತ್ರೆಯನ್ನೇ ಬಿಟ್ಟಿದ್ದರು. ಮುಂದುವರಿಸಿದವರಲ್ಲೂ ಯಾವುದೇ ದಿನ ನೋಡಿದರೆ ಸುಮಾರು ಶೇ 10ರಷ್ಟು ಮಾತ್ರೆ ತಪ್ಪುತ್ತಿತ್ತು. ಬೆಳಿಗ್ಗೆ ತಗೊಳ್ಳುವವರು ಸಂಜೆಯವರಿಗಿಂತ ಕಡಿಮೆ ತಪ್ಪಿಸುತ್ತಿದ್ದರು.

ಇನ್ನೊಂದು ವಿಷಯ ಇದೆ. ಡಾಕ್ಟರ ಹತ್ತಿರ ಹೋಗುವ ದಿನ ಹತ್ತಿರ ಬಂದಂತೆ ಜನ ಶಿಸ್ತಾಗುತ್ತಾರೆ, ಪರೀಕ್ಷೆಗೆ ಮುಂಚೆ ಮಕ್ಕಳು ಓದುವ ಹಾಗೆ. ಆ ದಿನದ ಬಿಪಿ ನೋಡಿ ಡಾಕ್ಟರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಮಾತ್ರೆ ಬಿಟ್ಟ ಗುಟ್ಟು ಹೇಳದೆ ಬಿಪಿ ಜಾಸ್ತಿ ಬಂದರಂತೂ ಇನ್ನೂ ಕಷ್ಟ. ಬೇಡದ ಡೋಸ್ ಏರುತ್ತದೆ.

ಒಂದು ದಿನ ಮರೆತರೆ ಗಾಬರಿ ಬೇಡ, ಮಾರನೇ ದಿನ ಎರಡು ನುಂಗುವುದೂ ಬೇಡ. ಅಮ್ಮನ ಬಿಪಿ ಮಾತ್ರೆಯ ಹೆಸರು ಅಮ್ಲೋಡಿಪಿನ್. ಅಮ್ಲೋಡಿಪಿನ್‌ನ ಅರ್ಧ ಭಾಗ ರಕ್ತದಿಂದ ಹೋಗಲಿಕ್ಕೇ 30ರಿಂದ 50 ಗಂಟೆ ಬೇಕು. ಹಾಗಾಗಿ ಒಂದು ತಪ್ಪನ್ನು ಅದು ತಾಳಿಕೊಳ್ಳುತ್ತದೆ. ಸಾಲಾಗಿ ನಾಲ್ಕೈದು ದಿನ ಬಿಟ್ಟರೆ ತಾಳುವುದಿಲ್ಲ. ಎಲ್ಲ ಮಾತ್ರೆಯೂ ಇಷ್ಟು ಸಾಧುವಲ್ಲ. ಕ್ಲೋನಿಡಿನ್ ಥಟ್ಟನೆ ನಿಲ್ಲಿಸಿದರೆ ಬಿಪಿ ಚಿಮ್ಮಿ ಏರುತ್ತದೆ. ಹೃದಯದ ತೊಂದರೆ ಇರುವವರು ಮೆಟೊಪ್ರೊಲಾಲ್ ಹಾಗೆ ಬಿಡುವುದು ಅಪಾಯ.

ಅಮ್ಮ ರಾತ್ರಿ ಊಟ ಆದಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. "ಆ ಮಾತ್ರೆ ತಗೊಂಡ್ರೆ ಕಾಲು ಊದತ್ತೆ, ಚಪ್ಪಲಿ ಹಿಡಿಯಲ್ಲ." ಪಾದದ ಗಂಟಿನ ಹತ್ತಿರ ಬೆರಳು ಒತ್ತಿದೆ. ಕುಳಿ ಬಿತ್ತು, ಸ್ವಲ್ಪ ಹೊತ್ತು ಹಾಗೇ ಇತ್ತು. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಹೀಗಾಗುತ್ತದೆ. ಬಿಪಿಯ ಬೇರೆ ಮಾತ್ರೆಗಳಾದ ರಾಮಿಪ್ರಿಲ್, ಎನಲಾಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬಸ್ ಪ್ರಯಾಣದ ದಿನ ಬಿಡುವ ಹೆಂಗಸರು ಎಷ್ಟು ಜನ! ಇದೆಲ್ಲಕ್ಕೂ ಬೇರೆ ಮಾತ್ರೆ ಇದೆ, ಬೇರೆ ಹೊತ್ತು ಇದೆ. ಡಾಕ್ಟರಿಗೆ ಗೊತ್ತಾಗಬೇಕು, ಅಷ್ಟೇ.

ಮರುದಿನ ಹೋಗಿ ಕಾಲು ತೋರಿಸಿದೆವು, 11 ಮಾತ್ರೆ ಉಳಿದ ಸ್ಟ್ರಿಪ್ ಕೂಡ. ಡಾಕ್ಟರು ಬೈಯಲಿಲ್ಲ, ಮಾತ್ರೆ ಬದಲಾಯಿಸಿದರು. ಹೊಸ ಸ್ಟ್ರಿಪ್ಪಿನ ಹಿಂದೆ ಒಂದೊಂದು ಮಾತ್ರೆಗೂ ತಾರೀಕು ಬರೆದು ಗೂಡಿನಲ್ಲಿಟ್ಟು ಬಂದಿದ್ದೇನೆ.