ಪಶ್ಚಿಮದ ಗೋಡೆಗೆ ಯಾವ ಮರ?

ಪ್ರಶ್ನೆ: ಪುಣೆಯಲ್ಲಿ ರೋ ಹೌಸ್ ತಗೊಂಡಿದ್ದೇವೆ. ಮನೆಯ ಪಶ್ಚಿಮಕ್ಕೆ 12 ಅಡಿ ಅಗಲದ ಖಾಲಿ ಜಾಗವಿದೆ. ಏಪ್ರಿಲ್ ಬಂತೆಂದರೆ ಆ ಕಡೆಯ ಕೋಣೆಯ ಗೋಡೆ ರಾತ್ರಿ ಹತ್ತಾದರೂ ಬಿಸಿಯಾಗಿಯೇ ಇರುತ್ತದೆ. ನರ್ಸರಿಯವರು ಬೇಗ ಬೆಳೆಯುತ್ತದೆಂದು ಗುಲ್‌ಮೊಹರ್ ಹೇಳುತ್ತಾರೆ. ಮನೆಯ ಹಿರಿಯರು ಊರಿನಿಂದ ಹಲಸಿನ ಸಸಿ ತಂದಿಟ್ಟಿದ್ದಾರೆ. ಬೇಗ ನೆರಳು ಕೊಡುವ, ಗೋಡೆಗೆ ತೊಂದರೆ ಮಾಡದ ಮರ ಯಾವುದು?

ಉತ್ತರ: ಆ ಜಾಗಕ್ಕೆ ನಮ್ಮ ಮೊದಲ ಆಯ್ಕೆ ಬಕುಳ. ಕರಾವಳಿ, ಮಲೆನಾಡಿನವರು ರಂಜೆ ಅನ್ನುವುದು ಇದನ್ನೇ. ವರ್ಷವಿಡೀ ದಟ್ಟ ಹಸಿರು ಎಲೆ, ಗಟ್ಟಿ ಕಟ್ಟಿಗೆ, ಗೋಡೆ ಎಬ್ಬಿಸುವ ಗುಣವಿಲ್ಲದ ಬೇರು, ಕತ್ತರಿಸಿದರೆ ಹೇಳಿದಂತೆ ಕೇಳುವ ಹರವು. ಬೇಗ ಮಾತ್ರ ಬೆಳೆಯುವುದಿಲ್ಲ. ಮೊದಲ ಎರಡು ವರ್ಷ ನೆಟ್ಟಲ್ಲೇ ನಿಂತಂತೆ ಕಾಣುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ ಎರಡನೆಯ ಆಯ್ಕೆ ಕಾಂಚನ. ಅದರಲ್ಲೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನೇರಳೆ ಹೂ ಬಿಡುವ ಜಾತಿ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿಸಿ ಹೂ ಬಿಡುವ ಇನ್ನೊಂದು ಕಾಂಚನವೂ ಇದೆ. ಹೂವಿಗೆ ಅದೇ ಚೆಂದ, ಆದರೆ ಬಿಸಿಲು ಏರುವ ಹೊತ್ತಿಗೆ ಅದರ ಕೊಂಬೆ ಬರಿದಾಗಿರುತ್ತದೆ.

ಮರ ಆರಿಸುವಾಗ ಬಹಳ ಜನ ತಪ್ಪುವುದು ಇಲ್ಲಿಯೇ. ಪುಣೆಯಲ್ಲಿ ನೆರಳು ಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಎಲ್ಲರ ಕಣ್ಣಿಗೆ ಬೀಳುವ ಕಕ್ಕೆ ಮರ, ಇಲ್ಲಿಯವರ ಬಹಾವಾ, ಅದೇ ಹೊತ್ತಿಗೆ ಎಲೆಯೆಲ್ಲ ಕಳಚಿ ಹಳದಿ ಗೊಂಚಲು ಇಳಿಬಿಡುತ್ತದೆ. ಮನೆಯ ಮುಂದೆ ನೋಡುವುದಕ್ಕೆ ಅದಕ್ಕೆ ಸಮನಾದ ಮರವಿಲ್ಲ, ಪಶ್ಚಿಮದ ಗೋಡೆಗೆ ಮಾತ್ರ ಪ್ರಯೋಜನಕ್ಕೆ ಬಾರದು. ಗುಲ್‌ಮೊಹರ್‌ನದೂ ಇದೇ ಕಥೆ: ಬೇಸಿಗೆಯ ಮೊದಲು ಎಲೆ ಉದುರುತ್ತದೆ, ಮೇ ತಿಂಗಳಲ್ಲಿ ಹೂವಿನ ಜೊತೆಗೆ ನಿಧಾನಕ್ಕೆ ಚಿಗುರುತ್ತದೆ. ಅದು ಮಡಗಾಸ್ಕರ್‌ನಿಂದ ಬಂದ ಮರ. ಬೇರು ಮೇಲ್ಮಣ್ಣಿನಲ್ಲೇ ದಪ್ಪಗೆ ಹರಿದು ನೆಲಹಾಸಿನ ಕಲ್ಲು ಎತ್ತುತ್ತದೆ, ಕಟ್ಟಿಗೆ ಪೆಡಸು. ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ ಕೊಂಬೆ ಸೀಳಿ ಬೀಳುವ ಮರಗಳಲ್ಲಿ ಅದು ಮುಂದು. ಅಗಲವಾದ ಮೈದಾನಕ್ಕೆ ಸರಿ, 12 ಅಡಿ ಜಾಗಕ್ಕೆ ಬೇಡ. ಬೇಗ ಬೆಳೆಯುವ ಮರಗಳ ಕಟ್ಟಿಗೆ ಸಾಮಾನ್ಯವಾಗಿ ಹಗುರ, ಬೇಗ ಮುರಿಯುತ್ತದೆ. ನುಗ್ಗೆ, ಸುಬಾಬುಲ್, ಸಿಲ್ವರ್ ಓಕ್ ಎಲ್ಲ ಇದೇ ಗುಂಪಿಗೆ ಸೇರಿದವು.

ಹಲಸು ಬೇಡವೇ ಬೇಡ ಎನ್ನಲು ಕಾರಣ ಗಾತ್ರ ಒಂದೇ ಅಲ್ಲ. ಅದಕ್ಕೆ ಆಳವಾದ, ನೀರು ಬಸಿದುಹೋಗುವ ಮಣ್ಣು ಬೇಕು. ಬೇರಿನ ಬುಡದಲ್ಲಿ ನೀರು ನಿಂತರೆ ಗಿಡ ಸಾಯುತ್ತದೆ. ಪುಣೆಯ ಬಹುತೇಕ ಬಡಾವಣೆಗಳಲ್ಲಿ ಮೇಲೆ ಒಂದೆರಡು ಅಡಿ ಎರೆಮಣ್ಣು, ಕೆಳಗೆ ಇಲ್ಲಿ ಮುರುಮ್ ಎನ್ನುವ ಗರಸು, ಅದರಡಿ ಕಪ್ಪು ಬಂಡೆ. ಹಿರಿಯರು ತಂದ ಸಸಿಯನ್ನು ಊರಿನ ಹೊಲದ ಬದುವಿಗೆ ಕಳಿಸಿ, ಅಲ್ಲಿ ಅದು ನೂರು ವರ್ಷ ಬಾಳಲಿ. ಆಲ, ಅರಳಿ, ಅತ್ತಿಗಳ ಬಗ್ಗೆ ಹೇಳುವುದೇ ಬೇಡ, ಅವುಗಳ ಬೇರು ಗೋಡೆಯ ಸಂದು, ಸಂಪ್, ಚೇಂಬರ್ ಎಲ್ಲಿ ತೇವ ಸಿಕ್ಕರೂ ಹೊಗುತ್ತದೆ.

ಎಲ್ಲಿ ನೆಡಬೇಕು? ಇದಕ್ಕೆ ಸೂರ್ಯನ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಆಗ ಬಿಸಿಲು ತಾರಸಿಗೆ ಬೀಳುತ್ತದೆ, ಗೋಡೆಗಲ್ಲ. ಗೋಡೆಗೆ ಹೊಡೆತ ಬೀಳುವುದು ಮೂರು ಗಂಟೆಯ ಮೇಲೆ. ಮೇ ಮಧ್ಯದ ನಂತರ ಸಂಜೆ 4ಕ್ಕೆ ಸೂರ್ಯ ಸುಮಾರು 40 ಡಿಗ್ರಿ ಎತ್ತರದಲ್ಲಿ, ಪಶ್ಚಿಮದಿಂದ ತುಸು ಉತ್ತರಕ್ಕೆ ಇರುತ್ತಾನೆ. ಆಗ ಮರದ ನೆರಳಿನ ಉದ್ದ ಅದರ ಎತ್ತರಕ್ಕಿಂತ ಸ್ವಲ್ಪ ಹೆಚ್ಚು. 5ಕ್ಕೆ ಎತ್ತರದ ಎರಡು ಪಟ್ಟು. ಹೀಗಾಗಿ ಮನೆಯ ಗೋಡೆಯಿಂದ 8 ಅಡಿ ದೂರದಲ್ಲಿರುವ 16 ಅಡಿ ಎತ್ತರದ ಮರ 4 ಗಂಟೆಗೆ ಗೋಡೆಯನ್ನು 9 ಅಡಿಯವರೆಗೆ, 5 ಗಂಟೆಗೆ 12 ಅಡಿಯವರೆಗೆ ಮುಚ್ಚುತ್ತದೆ. ನೆಲಮಹಡಿಯ ಕೋಣೆಗೆ ಅಷ್ಟು ಸಾಕು. ನಲವತ್ತು ಅಡಿಯ ಮರ ಬೇಕಿಲ್ಲ ಅನ್ನುವುದು ಇದರಿಂದಲೇ ತಿಳಿಯುತ್ತದೆ. ಕಿಟಕಿಗೆ ನೇರ ಎದುರು ನೆಡದೆ, ಅದರಿಂದ ಎರಡು ಮೂರು ಅಡಿ ಉತ್ತರಕ್ಕೆ ಸರಿಸಿ ನೆಡಿ.

ಮನೆಗೆ 8 ಅಡಿ ಬಿಟ್ಟರೆ ಕಾಂಪೌಂಡಿಗೆ 4 ಅಡಿ ಉಳಿಯುತ್ತದೆ. ಬಕುಳ, ಕಾಂಚನಕ್ಕೆ ಇದು ನಡೆಯುತ್ತದೆ. ಹೊಂಗೆ, ಹೊಳೆದಾಸವಾಳದಂಥ ಮಧ್ಯಮ ಗಾತ್ರದವಕ್ಕೆ ಮನೆಯಿಂದ 15 ಅಡಿಯಾದರೂ ಇರಲಿ. ಮಾವು, ಬೇವಿಗೆ 25 ಅಡಿ. ಎರೆಮಣ್ಣಿನಲ್ಲಿ ಈ ಅಂತರ ಇನ್ನೂ ಮುಖ್ಯ. ಆ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ; ದೊಡ್ಡ ಮರ ಅಡಿಪಾಯದ ಪಕ್ಕದ ತೇವ ಹೀರಿದರೆ ಕುಗ್ಗುವುದು ಹೆಚ್ಚಾಗಿ ಗೋಡೆಯಲ್ಲಿ ಬಿರುಕು ಮೂಡುತ್ತದೆ. ಅಗೆಯುವ ಮೊದಲು ಸಂಪ್, ಒಳಚರಂಡಿ ಪೈಪು, ಕೇಬಲ್ ಎಲ್ಲಿ ಹೋಗಿವೆ ಎಂದು ಬಿಲ್ಡರ್‌ನ ನಕ್ಷೆ ನೋಡಿಕೊಳ್ಳಿ.

ಗುಂಡಿ ಉದ್ದ, ಅಗಲ, ಆಳ ಮೂರೂ 3 ಅಡಿ. ಹೊಸ ಮನೆಗಳಲ್ಲಿ ಮೇಲಿನ ಮಣ್ಣೆಂದು ಕಾಣುವುದರಲ್ಲಿ ಅರ್ಧ ಇಟ್ಟಿಗೆ ಚೂರು, ಸಿಮೆಂಟ್ ಉಂಡೆ, ಗಿಲಾವಿನ ಪುಡಿ ಇರುತ್ತದೆ. ಅದನ್ನೆಲ್ಲ ಹೊರಗೆ ಹಾಕಿಸಿ. ಅದರಲ್ಲಿನ ಸುಣ್ಣಕ್ಕೆ ಎಲೆ ಹಳದಿಯಾಗಿ ಗಿಡ ಕುಂಟುತ್ತದೆ. ಗುಂಡಿ ತೋಡಿದ ಮೇಲೆ ಗಿಡ ತರಲು ಓಡಬೇಡಿ. ಮೊದಲು ಗುಂಡಿಗೆ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, 24 ಗಂಟೆ ಬಿಟ್ಟು ನೋಡಿ. ನೀರು ಪೂರ್ತಿ ಇಳಿದಿದ್ದರೆ ಒಳ್ಳೆಯದು. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಗರಸಿನಲ್ಲಿ ನೀವು ತೋಡಿದ್ದು ಒಂದು ತೊಟ್ಟಿ, ಮಳೆಗಾಲದಲ್ಲಿ ಬೇರು ಅದರಲ್ಲಿ ಕೊಳೆಯುತ್ತದೆ. ಹಾರೆಯಿಂದ ತಳವನ್ನು ಇನ್ನೊಂದು ಅಡಿ ಒಡೆಸಿ ಪರೀಕ್ಷೆ ಮತ್ತೆ ಮಾಡಿ. ಬಂಡೆಯೇ ಸಿಕ್ಕಿತೆಂದರೆ ನೆಲಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರದ, 5 ಅಡಿ ಅಗಲದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡುವುದು ವಾಸಿ. ತಳಕ್ಕೆ ಜಲ್ಲಿ ಸುರಿದರೆ ನೀರು ಇಳಿಯುತ್ತದೆ ಎಂಬ ನಂಬಿಕೆ ತಪ್ಪು. ಕೆಳಗಿನ ಗರಸು ನೀರು ಕುಡಿಯದಿದ್ದರೆ ಜಲ್ಲಿಯ ನಡುವೆಯೂ ನೀರು ನಿಂತೇ ಇರುತ್ತದೆ.

ಒಂದು ಗುಂಡಿ ಎಂದರೆ 27 ಘನ ಅಡಿ. ಇಲ್ಲಿ ಮಣ್ಣು ಮಾರುವುದು ಬ್ರಾಸ್ ಲೆಕ್ಕದಲ್ಲಿ, ಒಂದು ಬ್ರಾಸ್ 100 ಘನ ಅಡಿ. ಎರಡು ಗುಂಡಿಗೆ ಅರ್ಧ ಬ್ರಾಸ್ ಪೋಯಟಾ, ಅಂದರೆ ಮೆಕ್ಕಲು ಮಣ್ಣು ಸಾಕಾಗಿ ಸ್ವಲ್ಪ ಉಳಿಯುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗುಂಡಿಗೆ ಒಂದು ಕಿಲೋ ಬೇವಿನ ಹಿಂಡಿ. ಹಸಿ ಸಗಣಿ ಹಾಕಿದರೆ ಅದರ ಕಾವು ಏರಿ ಬೇರು ಸುಡುತ್ತದೆ, ಗೆದ್ದಲನ್ನೂ ಕರೆಯುತ್ತದೆ. ನೆಲದ ಮಟ್ಟಕ್ಕಿಂತ ಮೂರು ನಾಲ್ಕು ಇಂಚು ಎತ್ತರಕ್ಕೆ ತುಂಬಿ, ನೀರು ಹಾಯಿಸಿ, ಒಂದು ವಾರ ಕುಸಿಯಲು ಬಿಡಿ. ಅಂದೇ ತುಂಬಿ ಅಂದೇ ನೆಟ್ಟರೆ ಮೊದಲ ಮಳೆಗೆ ಗಿಡ ಅರ್ಧ ಅಡಿ ಕೆಳಗೆ ಹೋಗುತ್ತದೆ, ಕಾಂಡದ ಬುಡ ಮಣ್ಣಲ್ಲಿ ಹೂತು ಕೊಳೆಯುತ್ತದೆ.

ಇನ್ನು ನರ್ಸರಿ. ಅತ್ಯಂತ ಎತ್ತರದ ಗಿಡಕ್ಕೆ ಕೈ ಹಾಕಬೇಡಿ. ಐದಾರು ಅಡಿ ಎತ್ತರ, ಹೆಬ್ಬೆರಳು ದಪ್ಪದ ಕಾಂಡ, ಕೋಲಿನ ಆಸರೆ ಬಿಚ್ಚಿದರೂ ತಾನೇ ನಿಲ್ಲುವ ಗಿಡ ಬೇಕು. ಚೀಲದ ತಳ ನೋಡಿ: ಬೇರು ತೂತಿನಿಂದ ಹೊರಬಂದು ಪೆನ್ಸಿಲ್ ದಪ್ಪವಾಗಿದ್ದರೆ ಗಿಡ ಆ ಚೀಲದಲ್ಲಿ ಬಹಳ ಕಾಲ ಕೂತಿದೆ. ಮೇಲಿನ ಎರಡು ಇಂಚು ಮಣ್ಣನ್ನು ಬೆರಳಿಂದ ಸರಿಸಿ. ಕಾಂಡದ ಸುತ್ತ ಬೇರು ಹಗ್ಗದಂತೆ ಸುತ್ತಿಕೊಂಡಿದ್ದರೆ ಬಿಟ್ಟುಬಿಡಿ. ಆ ಸುತ್ತು ನೆಲಕ್ಕೆ ಬಂದ ಮೇಲೂ ಬಿಚ್ಚಿಕೊಳ್ಳುವುದಿಲ್ಲ, ಕಾಂಡದ ಜೊತೆ ದಪ್ಪವಾಗುತ್ತಾ ಅದನ್ನೇ ಬಿಗಿಯುತ್ತದೆ. ಹತ್ತು ವರ್ಷ ಚೆನ್ನಾಗಿದ್ದ ಮರ ಒಂದು ಗಾಳಿಗೆ ಬುಡಸಮೇತ ಉರುಳಿದಾಗ ಬೇರು ಚೀಲದ ಗಾತ್ರದ ಮುದ್ದೆಯಾಗಿಯೇ ಉಳಿದಿರುವುದನ್ನು ಕಾಣಬಹುದು.

ಹೆಸರನ್ನೂ ಸರಿಯಾಗಿ ಹೇಳಿ. ಬಕುಳಕ್ಕೆ ಮರಾಠಿಯಲ್ಲೂ ಬಕುಳವೇ. ಹೊಳೆದಾಸವಾಳಕ್ಕೆ ತಾಮಣ, ಅದು ಮಹಾರಾಷ್ಟ್ರದ ರಾಜ್ಯಪುಷ್ಪ. ಹೊಂಗೆಗೆ ಕರಂಜ, ಪಾರಿಜಾತಕ್ಕೆ ಪ್ರಾಜಕ್ತ. ಬರೀ ಚಾಫಾ ಎಂದರೆ ದೇವಕಣಗಿಲೆ ಕೊಡುತ್ತಾರೆ. ಸಂಪಿಗೆ ಬೇಕಿದ್ದರೆ ಸೋನಚಾಫಾ ಅನ್ನಬೇಕು, ಕಸಿ ಗಿಡವನ್ನೇ ಕೇಳಬೇಕು. ಬೀಜದ ಸಂಪಿಗೆ ಎತ್ತರದ ದೊಡ್ಡ ಮರವಾಗುತ್ತದೆ, ಹೂವಿಗೆ ವರ್ಷಗಟ್ಟಲೆ ಕಾಯಿಸುತ್ತದೆ. ಅಶೋಕ ಎಂದರೆ ಕಂಬದಂತೆ ಬೆಳೆಯುವ ಮರ ಕೈಗೆ ಬರುತ್ತದೆ, ಅದರ ನೆರಳೂ ಕಂಬದಷ್ಟೇ. ಸಾತವೀಣ, ಅಂದರೆ ಹಾಲೆ ಮರ, ರಸ್ತೆ ಬದಿಗೆ ಒಳ್ಳೆಯದಾದರೂ ಮಲಗುವ ಕೋಣೆಯ ಪಕ್ಕ ಬೇಡ. ಮಳೆಗಾಲ ಮುಗಿದ ಮೇಲೆ ರಾತ್ರಿ ಅದರ ಹೂವಿನ ಘಾಟಿಗೆ ಅನೇಕರಿಗೆ ತಲೆನೋವು ಬರುತ್ತದೆ.

ನೆಡುವ ಕಾಲ ಜೂನ್ ಕೊನೆಯಿಂದ ಜುಲೈ ಮುಗಿಯುವವರೆಗೆ. ಚೀಲವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ, ತಳ ಮಾತ್ರ ಸೀಳಿ ಇಡಬೇಡಿ. ಒಂದೂವರೆ ಅಡಿ ದೂರದಲ್ಲಿ ಎರಡು ಗೂಟ ನೆಟ್ಟು, ಹಳೆ ಸೈಕಲ್ ಟ್ಯೂಬ್‌ನಿಂದ ಸಡಿಲವಾಗಿ ಕಟ್ಟಿ, ವರ್ಷವಾದ ಮೇಲೆ ಬಿಚ್ಚಿ. ಗಿಡ ಗಾಳಿಗೆ ಸ್ವಲ್ಪ ಅಲ್ಲಾಡಿದರೇ ಕಾಂಡ ಬಲಿಯುವುದು. ಕೆಳಗಿನ ಕೊಂಬೆಗಳನ್ನೂ ಎರಡು ವರ್ಷ ಮುಟ್ಟಬೇಡಿ.

ಸಾಯುವ ಸಸಿಗಳು ಹೆಚ್ಚಾಗಿ ಸಾಯುವುದು ಮೊದಲ ಮಾರ್ಚ್‌ನಲ್ಲಿ. ಪುಣೆಯ ವರ್ಷದ ಮಳೆ ಸುಮಾರು 700 ಮಿಲಿಮೀಟರ್, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಐದಾರು ದಿನಕ್ಕೊಮ್ಮೆ 20 ಲೀಟರ್, ಮಾರ್ಚ್‌ನಿಂದ ಮಳೆ ಬರುವತನಕ ಮೂರು ದಿನಕ್ಕೊಮ್ಮೆ ಅಷ್ಟೇ ನೀರು ಕೊಡಿ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ಎರಡನೆಯ ಬೇಸಿಗೆಯಲ್ಲಿ ವಾರಕ್ಕೊಮ್ಮೆ 40 ಲೀಟರ್ ಸಾಕು. ಪಾತಿಯನ್ನು ಕಾಂಡದಿಂದ ಒಂದು ಅಡಿ ಹೊರಗೆ ಮಾಡಿ, ಒಣ ಎಲೆ ಮೂರು ಇಂಚು ಹೊದಿಸಿ. ಎರೆಮಣ್ಣು ಬಿರಿದು ಎಳೆ ಬೇರು ಹರಿಯುವುದನ್ನು ಈ ಹೊದಿಕೆ ತಡೆಯುತ್ತದೆ. ಅಂಗಳಕ್ಕೆ ಪೇವರ್ ಹಾಕಿಸುವಾಗ ಕಾಂಡದ ಸುತ್ತ 3 ಅಡಿಗೆ 3 ಅಡಿ ಮಣ್ಣು ಬಿಡಿಸಿ. ಬಕುಳ ಏಳುವತನಕ ಕಿಟಕಿಯ ಎದುರು ಎರಡು ಪಪ್ಪಾಯಿ, ಒಂದು ಬಾಳೆ ಹಾಕಿದರೆ ಮುಂದಿನ ಬೇಸಿಗೆಗೇ ಸ್ವಲ್ಪ ನೆರಳು ಸಿಗುತ್ತದೆ.

ಕಾನೂನನ್ನೂ ನೆನಪಿಡಿ. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ, ನಿಮ್ಮ ಅಂಗಳದ ಮರವನ್ನೇ ಕಡಿಯುವುದಾದರೂ ವೃಕ್ಷ ಪ್ರಾಧಿಕರಣದ ಅನುಮತಿ ಬೇಕು. ನೆಟ್ಟು ನೋಡೋಣ, ದೊಡ್ಡದಾದರೆ ತೆಗೆಸೋಣ ಎಂಬ ಲೆಕ್ಕಾಚಾರ ನಡೆಯದು.

ಮುಂಬೈ, ಗೋವಾದವರಿಗೆ ಮಳೆ ಪುಣೆಯ ಮೂರು ನಾಲ್ಕು ಪಟ್ಟು, ಗಾಳಿಯಲ್ಲಿ ಉಪ್ಪು. ಕಡಲ ಹತ್ತಿರದ ಮನೆಗೆ ಸುರಹೊನ್ನೆ ತಡೆದುಕೊಳ್ಳುತ್ತದೆ, ಆದರೆ ಜಾಗ ದೊಡ್ಡದಿರಬೇಕು. ಗೋವಾದ ಜಂಬಿಟ್ಟಿಗೆ ನೆಲದ ಸಣ್ಣ ಅಂಗಳಕ್ಕೆ ಮುರುಗಲು (ಕೋಕಂ) ಮರಕ್ಕಿಂತ ಒಳ್ಳೆಯದು ನಮಗೆ ತೋಚುವುದಿಲ್ಲ: ಸದಾ ಹಸಿರು, ಗೋಪುರದಂತೆ ಒತ್ತಾದ ಆಕಾರ, ಸಾರಿಗೆ ಹುಳಿ. ಅದರಲ್ಲಿ ಗಂಡು, ಹೆಣ್ಣು ಮರಗಳು ಬೇರೆ ಬೇರೆ; ಬೀಜದ ಸಸಿ ನೆಟ್ಟರೆ ಆರೇಳು ವರ್ಷ ಕಾದ ಮೇಲೆ ಗಂಡು ಎಂದು ತಿಳಿಯಬಹುದು. ಹೆಣ್ಣು ಮರದಿಂದ ಕಸಿ ಮಾಡಿದ ಗಿಡವನ್ನೇ ತನ್ನಿ.